ಪರದೇಶದ ಪೊಲೀಸರ ರಿವಾಲ್ವರ್

ಪರದೇಶದ ಪೊಲೀಸರಿಗೆಂದೇ ತಯಾರಾದ ಹಳೆಯ ರಿವಾಲ್ವರುಗಳನ್ನು ಕೂಡಿಹಾಕುವುದು ದೇಸಾಯರ ಹುಚ್ಚು. ಅವನ್ನು ನೋಡಲೆಂದು ಇನ್‌ಸ್ಪೆಕ್ಟರ್ ಸಾಹೇಬರು ಒಬ್ಬರೇ ಮನೆಗೆ ಬಂದಾಗ ದೇಸಾಯರಿಗೆ ಹಿಗ್ಗೇ ಹಿಗ್ಗು.

ಸಾಹೇಬರು ಚಹಾ ಮುಟ್ಟಲಿಲ್ಲ. ಜೇಬಿನಿಂದ ಒಂದು ಗುಂಡು ತೆಗೆದು ಮೇಜಿನ ಮೇಲಿಟ್ಟರು. "ಕಾಲುವ್ಯಾಗ ಸಿಕ್ಕ ಹೆಣದಾಗಿತ್ತು. ಯಾವ ರಿವಾಲ್ವರಿಂದು, ಹೇಳ್ತೀರೇನು?"

ಭೂತಗನ್ನಡಿ ಹಿಡಿದು ನೋಡಿದ ದೇಸಾಯರು ತಮ್ಮ ರಿವಾಲ್ವರುಗಳತ್ತ ಒಮ್ಮೆ ತಿರುಗಿ ನೋಡಿದರು. ಆದರೂ ಗೊತ್ತಿದ್ದದ್ದನ್ನು ಹೇಳದೆ ಇರಲು ನಾಲಿಗೆ ಕೇಳಲಿಲ್ಲ. "ಗುಂಡಿನ ಮ್ಯಾಲ ನಳಗಿ ಕೊರೆದ ಗೆರಿ ಎಡಕ್ಕ ತಿರುಗ್ಯಾವ. ಪರದೇಶದ ಪೊಲೀಸರಿಗೆ ಮಾಡಿದ ಮಾಲು. ನಮ್ಮ ಸೀಮ್ಯಾಗ ಹಿಂಗ ಎಡಕ್ಕ ಗೆರಿ ಕೊರಿಯೋ ಅಂಥಾದ್ದು ಒಂದ ಒಂದು ಐತ್ರಿ."

"ಯಾರ ಕಡೆ?"

"ನನ್ನ ಕಡೇನ."

"ಆ ಮನಷ್ಯಾ ಸತ್ತದ್ದು ಮತದಾನದ ಹಿಂದಿನ ದಿನ."

ದೇಸಾಯರು ದೊಡ್ಡ ಉಸಿರು ಬಿಟ್ಟು ನಕ್ಕರು. "ಬದುಕಿದೆ ಬಿಡ್ರಿ! ಎಲೆಕ್ಷನ್ ಅಂತ ಬಂದೂಕು ಇದ್ದವರೆಲ್ಲಾರಂಗ ನಾನೂ ಅದನ್ನ ತಿಂಗಳ ಮುಂಚೇನ ನಿಮ್ಮ ಸ್ಟೇಷನ್ನಿಗೆ ತಂದು ಜಮಾ ಮಾಡಿದ್ನಲ್ರಿ. ಮತದಾನ ಮುಗದು ವಾಪಸ್ ಕೊಡೋತನಕ ಅದನ್ನಿಟ್ಟ ಕಪಾಟಿನ ಕೀಲಿ ನಿಮ್ಮ ಕಡೇನ ಇತ್ತು. ಈ ಗುಂಡು ಮತ್ಯಾರಿಗರೆ ತೋರಿಸೀರೇನ್ರಿ?"

"ಇಲ್ಲ," ಎಂದ ಸಾಹೇಬರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು.