ಮೂಸದ ಹೂವು

ಜಗತ್ತಿನ ಹೂಗಳೆಲ್ಲ ವಾಸನೆ ಕಳೆದುಕೊಂಡು ಎಷ್ಟೋ ಬೇಸಿಗೆಗಳು ಕಳೆದಿದ್ದವು. ಘಮ ಉಳಿದಿದ್ದು ಈ ಲ್ಯಾವೆಂಡರ್ ತೋಟದಲ್ಲಿ ಮಾತ್ರ. ಅದೂ ತೆನೆ ಮುರಿದ ಕ್ಷಣದಲ್ಲಷ್ಟೇ ಹೊಮ್ಮಿ ಹಾರಿಹೋಗುತ್ತಿತ್ತು. ಒಬ್ಬರಿಗೆ ಜನ್ಮಕ್ಕೊಂದೇ ಸಲ ಪ್ರವೇಶ. ಗೇಟಿನಲ್ಲಿ ಮುಂಗೈಗೆ ಅಳಿಸಲಾಗದ ಮುದ್ರೆ ಒತ್ತಿ, ಬುಟ್ಟಿ ಕೊಟ್ಟು ಒಳಗೆ ಬಿಡುತ್ತಿದ್ದರು.

ವನಜಾಕ್ಷಿ ತಾಯಿ ಪುಟ್ಟಗೌರಮ್ಮನನ್ನು ಕರೆತಂದಿದ್ದಳು. "ಸಾಯೋದ್ರೊಳಗೆ ಒಂದ್ಸಲ ಹೂವಿನ ಘಮ ಸಿಕ್ಕಿದ್ರೆ ಸಾಕು ಕಣೇ" ಎಂದು ಮುದುಕಿ ವರ್ಷಗಟ್ಟಲೆ ಹಲುಬಿದ್ದಳು.

ಬಿಸಿಲಿಗೆ ನೇರಳೆ ಸಾಲುಗಳು ಕಣ್ಣು ಕುಕ್ಕುತ್ತಿದ್ದವು. ವನಜಾಕ್ಷಿ ಮೊದಲ ತೆನೆ ಮುರಿದಳು. ಅಷ್ಟೇ, ಆಮೇಲೆ ಅವಳಿಗೆ ಬಿಸಿಲೂ ಇಲ್ಲ, ಅಮ್ಮನೂ ಇಲ್ಲ. ಕಣ್ಣು ಮುಚ್ಚಿಕೊಂಡು ಒಂದೊಂದೇ ಮುರಿಯುತ್ತಾ ಎದೆ ಬಿರಿಯುವಷ್ಟು ಉಸಿರೆಳೆದುಕೊಂಡಳು. ಹೊತ್ತಾಯಿತೆಂದು ಗಂಟೆ ಬಾರಿಸಿದಾಗಲೇ ಅವಳು ತಿರುಗಿ ನೋಡಿದ್ದು.

ಪಕ್ಕದ ಸಾಲಿನಲ್ಲಿ ಪುಟ್ಟಗೌರಮ್ಮನ ಬುಟ್ಟಿಯೂ ತುಂಬಿತ್ತು. ದಿನವೂ ಪೂಜೆಗೆ ಹೂ ಬಿಡಿಸುವಾಗ ಮಾಡುತ್ತಿದ್ದಂತೆಯೇ ಅವಳು ಸೆರಗನ್ನು ಮೂಗುಬಾಯಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು.

"ಅಮ್ಮಾ, ಇದೇನು ಮಾಡ್ಕೊಂಡೆ!"

"ಮತ್ತೆ? ಮೂಸಿದ ಹೂವು ದೇವರಿಗೆ ಆಗುತ್ತೇನೇ? ಮೊದ್ಲು ಅವನಿಗೆ ಏರಿಸಿ, ಆಮೇಲೆ ಪ್ರಸಾದ ಅಂತ ತೊಗೊಂಡು ಆಸೆ ತೀರೋವಷ್ಟು ಮೂಸ್ತೀನಿ."

ಘಮ ಆ ಕ್ಷಣಕ್ಕಷ್ಟೇ ಎಂದು ಅಮ್ಮನಿಗೆ ಬಿಡಿಸಿ ಹೇಳಬೇಕೆಂಬುದು ವನಜಾಕ್ಷಿಗೆ ಹೊಳೆದೇ ಇರಲಿಲ್ಲ. ಅವರ ಬೆನ್ನ ಹಿಂದೆ ಗೇಟು ಮುಚ್ಚಿತು.

ಪುಟ್ಟಗೌರಮ್ಮ ಸೆರಗು ಬಿಚ್ಚದೆಯೇ ಮಗಳ ಬುಟ್ಟಿಯತ್ತ ನೋಡಿದಳು. "ನೀನೂ ಮೂಸಿಲ್ಲ ತಾನೇ?"

"ಇಲ್ಲಮ್ಮ" ಎಂದಳು ವನಜಾಕ್ಷಿ, ಒಳಗಿದ್ದ ಘಮ ಹೊರಗೆ ಬಂದೀತೆಂದು ಉಸಿರು ಬಿಗಿಹಿಡಿದು.