ಕುಕ್ಕರ್ ಮರಿಯಪ್ಪನ ನಲವತ್ತೊಂದನೇ ಬಂಧನ

ಬಾಂಬಿಡುವವರನ್ನು ಇಡುವ ಮೊದಲೇ ಹಿಡಿಯುವ ಯಂತ್ರ ನಮ್ಮ ನಗರಕ್ಕೆ ಬಂದಮೇಲೆ, ನನ್ನಷ್ಟು ಸಲ ಬಂಧನವಾದ ಕುಕ್ಕರ್ ರಿಪೇರಿಯವನು ಏಷ್ಯಾ ಖಂಡದಲ್ಲೇ ಇಲ್ಲ. ಇವತ್ತಿನದು ನಲವತ್ತೊಂದನೆಯದು. ಚೀಲದಲ್ಲಿ ಆರು ಕುಕ್ಕರ್ ಇದ್ದವು. ಯಂತ್ರಕ್ಕೆ ಅಷ್ಟು ಸಾಕು. ನನಗಂತೂ ಸಾಕಾಗಿಹೋಗಿದೆ.

“ಸಾರ್, ಹನ್ನೊಂದಕ್ಕೆ ಮಗಳ ನಿಶ್ಚಿತಾರ್ಥ. ನಾನಿಲ್ದಿದ್ರೆ ಗಂಡಿನ ಕಡೆಯೋರು ಎದ್ದು ಹೋಗ್ತಾರೆ,” ಎಂದೆ.

ಎಸ್‌ಐ ಆಕಳಿಸಿದರು. “ಸಂಜೆವರೆಗೂ ಬಿಡಕ್ಕಾಗಲ್ಲ ಮರಿಯಪ್ಪ, ನಿಮ್ಗೇ ಗೊತ್ತಲ್ಲ. ಒಂದು ಫೋನ್ ಮಾಡ್ಕೊಳ್ಳಿ. ಆದ್ರೆ ನಿಮ್ಮ ದನಿ ಕೇಳ್ದೋರನ್ನೆಲ್ಲಾ ಯಂತ್ರ ಹಿಡಿಸ್ತದೆ, ನೋಡ್ಕೊಂಡು ಮಾಡಿ.”

ನೋಡಿಕೊಂಡೇ ಮಾಡಿದೆ.

“ಬೀಗ್ರೇ, ಎಲ್ರೂ ಬಂದ್ರಾ? ನಮ್ಮ ಹುಡುಗಿನೂ ಅಲ್ಲೇ ಇದಾಳಾ? ಸ್ವಲ್ಪ ಸ್ಪೀಕರ್ ಹಾಕಿ.”

ಕಾಲು ಗಂಟೆಯಲ್ಲಿ ಹಣ್ಣುಕಾಯಿ ತಟ್ಟೆಗಳ ಸಮೇತ ಮೂವತ್ತೆಂಟು ಜನ ಪೊಲೀಸ್ ವ್ಯಾನುಗಳಿಂದ ಇಳಿದರು. ಲಗ್ನಪತ್ರಿಕೆ ಓದಲು ಪುರೋಹಿತರಿಗೆ ಎಸ್‌ಐ ತಮ್ಮ ಕುರ್ಚಿ ಬಿಟ್ಟುಕೊಟ್ಟರು.