ಮುಚ್ಚಳದ ಒಳಗಿನ ದೇವತೆ

ಪಕ್ಕದ ಮನೆಯ ಡೋನಲ್ ಅಜ್ಜನ ಶವವಾಹನ ತಿರುವಿನಲ್ಲಿ ಕಾಣಿಸಿದ್ದೇ ತಡ, ಅನಿಶಾ ಶೂ ಡಬ್ಬಿಯ ಮುಚ್ಚಳ ಎತ್ತಿ ಹಿಡಿದಳು. ಕೊರೊನಾದಿಂದ ಶಾಲೆ ಮುಚ್ಚಿದ್ದರಿಂದ ಪಾಠಕ್ಕೆಂದು ಮನೆಯಲ್ಲೇ ಮಾಡಿದ ಈಜಿಪ್ಟಿನ ಶವಪೆಟ್ಟಿಗೆ ಅದು. ಮುಚ್ಚಳದ ಒಳಬದಿಯಲ್ಲಿ ಅವಳು ಬಿಡಿಸಿದ ಆಕಾಶದೇವತೆ ಎರಡೂ ಕೈ ಚಾಚಿದ್ದಳು.

ಚರ್ಚಿಗೆ ಹತ್ತೇ ಜನರಿಗೆ ಅನುಮತಿ. ಉಳಿದವರೆಲ್ಲ ತಂತಮ್ಮ ಗೇಟಿನ ಬಳಿ. ಈ ತಿಂಗಳು ಇದು ಮೂರನೆಯ ಶವಯಾತ್ರೆ. ನೈಟ್ ಶಿಫ್ಟ್ ಮುಗಿಸಿ ಬಂದಿದ್ದ ಅವಳಪ್ಪ ಲ್ಯಾನ್ಸಿಗೆ ಶಿಲುಬೆಯ ಗುರುತು ಹಾಕಲು ಎತ್ತಿದ ಕೈಯೂ ಭಾರವಾಗಿತ್ತು. "ಕೆಳಗಿಡು ಮಗಾ, ಅವರ ಮನೆಯವ್ರು ಏನಂದ್ಕೋತಾರೆ?"

"ನೋ, ಡ್ಯಾಡಿ. ಒಳಗೆ ಮಲಗಿದವ್ರಿಗೆ ಇವಳು ಕಾಣ್ತಿರ್ಬೇಕು. ಒಬ್ರೇ ಇರ್ತಾರಲ್ಲ."

ಆಸ್ಪತ್ರೆಯಲ್ಲಿ ಅಜ್ಜ ಒಬ್ಬರೇ ತೀರಿಹೋಗಿದ್ದರು. ಅಲ್ಲಿಯವರು ಹೆಂಡತಿಗೂ ಮುಖ ತೋರಿಸದೆ ಪೆಟ್ಟಿಗೆ ಮುಚ್ಚಿದ್ದರು.

ವಾಹನ ಹತ್ತಿರ ಬಂತು. ಲ್ಯಾನ್ಸಿ ಶಿಲುಬೆಯ ಗುರುತನ್ನು ಅರ್ಧಕ್ಕೇ ಬಿಟ್ಟು ಮಗಳನ್ನು ಹೆಗಲಿಗೇರಿಸಿಕೊಂಡ. "ಸರಿಯಾಗಿ ಅಜ್ಜನ ಕಡೆ ತಿರುಗಿಸು," ಎಂದ.